ಹೆಪ್ಪಿಲ್ಲದ ಬೇಸಿಗೆ

ರೋಣದ ನಮ್ಮ ಮನೆಯಲ್ಲಿ ಮೊಸರು ನಿಂತದ್ದು ಯಾವ ದಿನ ಎಂದು ಕೇಳಿದರೆ ನನ್ನ ಗಂಡ ಒಂದು ಹೇಳುತ್ತಾರೆ, ನಾದಿನಿ ಇನ್ನೊಂದು ಹೇಳುತ್ತಾಳೆ. ನನ್ನ ನೆನಪಿನ ಪ್ರಕಾರ ಅವತ್ತು ಅಮಾವಾಸ್ಯೆ. ಆದರೆ ನನ್ನ ನೆನಪಿಗೆ ಒಂದು ಚಟವಿದೆ, ಕೆಟ್ಟದ್ದು ಶುರುವಾದ ದಿನಗಳನ್ನೆಲ್ಲ ಅದು ಒಯ್ದು ಅಮಾವಾಸ್ಯೆಗೆ ಕಟ್ಟುತ್ತದೆ. ಆದ್ದರಿಂದ ದಿನವನ್ನು ಬಿಡುತ್ತೇನೆ. ಕೊರೊನಾದ ಎರಡನೇ ಬೇಸಿಗೆ. ಹಿಂಗಾರಿ ಜೋಳ ಮನೆಗೆ ಬಂದಾಗಿತ್ತು. ಎಲ್ಲ ಮತ್ತೆ ಬಂದ್ ಆಗುತ್ತದಂತೆ ಎಂದು ಮಾರ್ಕೆಟ್ಟಿನಲ್ಲಿ ಮಾತಾಡುತ್ತಿದ್ದರು. ಇಷ್ಟು ಸಾಕು.

ಅತ್ತೆ ಬೆಳಿಗ್ಗೆ ಮೊಸರಿನ ಗಡಿಗೆಯನ್ನು ಹಿತ್ತಲಿಗೆ ಒಯ್ದರು. ತಳದಲ್ಲಿ ಉಳಿದದ್ದನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದರು. ಗಡಿಗೆಗೆ ಬೂದಿ ಹಚ್ಚಿ ತಿಕ್ಕಿ, ಕುದಿಯುವ ನೀರು ಹಾಕಿ, ಮತ್ತೆ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದರು.

"ಈ ಬ್ಯಾನಿ ಹೋಗೂತನಕ ತಂಪಿನ ಪದಾರ್ಥ ಈ ಮನ್ಯಾಗ ಬ್ಯಾಡ," ಅಂದರು.

"ಒಂದ ಚಮಚೆ ಹೆಪ್ಪಿಗೆ ಇಟ್ಕೊಳ್ಳೂಣಲ್ರೀ ಅತ್ತಿ."

"ಇಟ್ರ ಹಾಲಿಗೆ ಹಾಕಬೇಕನಸತೈತಿ. ಹಾಕಿದ್ರ ತಿನಬೇಕನಸತೈತಿ. ಬಿಡೂದಂದ್ರ ಪೂರ್ತಿ ಬಿಡಬೇಕು."

ಹೆಪ್ಪಿನ ಮಾತನ್ನು ನಾನು ಅವತ್ತೇ ಎತ್ತಿದ್ದೆ ಎಂಬುದು ಆಮೇಲೆ ನಾನೇ ಸೇರಿಸಿಕೊಂಡದ್ದು ಇರಬಹುದು. ಮುಂದೆ ಏನಾಯಿತು ಎಂದು ಗೊತ್ತಿರುವವಳು ಹಿಂದಕ್ಕೆ ಹೋಗಿ ತನ್ನ ಬಾಯಲ್ಲಿ ಜಾಣತನದ ಮಾತೊಂದನ್ನು ಇಟ್ಟು ಬರುತ್ತಾಳೆ. ಅತ್ತೆಯ ಉತ್ತರ ಮಾತ್ರ ಖರೇ. ಅಂಥ ಮಾತು ಕಟ್ಟಲು ನನಗೆ ಬರುವುದಿಲ್ಲ.

ನಮ್ಮ ಓಣಿಯ ಮನೆಗಳ ಮಾಳಿಗೆಗಳು ಒಂದಕ್ಕೊಂದು ಹತ್ತಿಕೊಂಡಿವೆ. ಅತ್ತೆ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುತ್ತ ಆಡಿದ ಮಾತು ಮಧ್ಯಾಹ್ನದೊಳಗೆ ಓಣಿಯ ಕಾಯ್ದೆಯಾಗುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ಯಾರ ಮನೆಯಲ್ಲಿ ಬಾಣಂತಿಯಿದ್ದರೂ, ಯಾರ ಮಗುವಿಗೆ ಹೊಟ್ಟೆ ಕೆಟ್ಟರೂ, ಏನು ತಿನ್ನಿಸಬೇಕು ಎಂದು ಕೇಳಲು ಎಲ್ಲರೂ ಬರುತ್ತಿದ್ದದ್ದು ಅವರ ಹತ್ತಿರ. ಬಾಜೂ ಮನೆಯ ಕಾಕಿ ಅವತ್ತು ಗೋಡೆಗೆ ಮೊಣಕೈ ಊರಿ ನಿಂತು ವಾದ ಮಾಡಿದಳು.

"ಅಕ್ಕಾ, ಮಜ್ಜಿಗಿ ಇಲ್ದ ಹ್ಯಾಂಗ ಈ ಬಿಸಲಾಗ?"

"ಬಿಸಲಿಗೆ ಈ ಓಣ್ಯಾಗ ಯಾರೂ ಸತ್ತಿಲ್ಲ. ಟೀವಿ ನೋಡಂಗಿಲ್ಲೇನ ನೀ?"

"ನಮ್ಮನಿಯವ್ರು ಮಜ್ಜಿಗಿ ಇಲ್ಲಂದ್ರ ತಾಟ ಒಗೀತಾರ."

"ಒಗೀಲಿ. ತಾಟ ಒಗಿಯೂವಷ್ಟು ಶಕ್ತಿ ಐತಲ್ಲ ಅಂತ ದೇವರಿಗೆ ಕೈ ಮುಗಿ."

ಕಾಕಿ ನಕ್ಕಳು. ವಾರದೊಳಗೆ ಓಣಿಯ ಮನೆಗಳಲ್ಲೆಲ್ಲ ಮೊಸರು ನಿಂತಿತು.

ಮೊಸರು ಹೋದ ಮೇಲೆ ಅಡುಗೆಮನೆಗೆ ಬಂದದ್ದೆಲ್ಲ ಬೆಂಕಿ. ಬೇಸಿಗೆಯಲ್ಲಿ ನಮ್ಮಲ್ಲಿ ಹೊತ್ತೇರಿದ ಮೇಲೆ ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿಕೊಂಡು, ಹಸಿ ಉಳ್ಳಾಗಡ್ಡಿ ಕಡಿದುಕೊಂಡು ಉಣ್ಣುವುದು ರೂಢಿ. ಆ ಜಾಗಕ್ಕೆ ಕಡಕ್ ರೊಟ್ಟಿ, ಬೆಳ್ಳುಳ್ಳಿ ಜಜ್ಜಿದ ಕೆಂಪು ಖಾರ, ಮೆಣಸು ಹಾಕಿದ ಬಿಸಿ ಸಾರು ಬಂದವು. ಕಷಾಯವನ್ನು ಚಹಾದ ಪಾತ್ರೆಯಲ್ಲೇ ಕುದಿಸುತ್ತಿದ್ದುದರಿಂದ ಚಹಾಕ್ಕೆ ಒಣಶುಂಠಿಯ ರುಚಿ, ಹಾಲಿಗೆ ಲವಂಗದ ವಾಸನೆ. ಹಸಿಯಾಗಿ ತಿನ್ನುತ್ತಿದ್ದ ಸೌತೆಕಾಯಿಗೆ ಒಗ್ಗರಣೆ ಬಿತ್ತು. ಬಾಳೆಹಣ್ಣು ತಂಪೋ ಉಷ್ಣವೋ ಎಂದು ಅತ್ತೆ ಮತ್ತು ಮಾವ ಚರ್ಚೆ ಮಾಡಿದರು. ತೀರ್ಮಾನವಾಗುವಷ್ಟರಲ್ಲಿ ಹಣ್ಣು ಕರ್ರಗಾಗಿತ್ತು.

ಗಜೇಂದ್ರಗಡದಲ್ಲಿರುವ ನಾದಿನಿಯ ಮನೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ. ಅವಳು ಮಕ್ಕಳಿಗೆ ತತ್ತಿ ಕುದಿಸಿ ಕೊಡಲು ಶುರುಮಾಡಿದ್ದಳು. ನಮ್ಮದು ತತ್ತಿಯ ಹೆಸರು ಎತ್ತದ ಮನೆತನ. ಅವಳು ಮಾಳಿಗೆಯ ಮೇಲೆ, ಬೇರೆ ಒಲೆ, ಬೇರೆ ಪಾತ್ರೆ ಇಟ್ಟುಕೊಂಡಿದ್ದಳು. ಫೋನಿನಲ್ಲಿ ಅದನ್ನು ಬಟಾಟೆ ಅನ್ನುತ್ತಿದ್ದಳು.

"ವೈನಿ, ಹುಡುಗೂರಿಗೆ ಬಿಳಿ ಬಟಾಟಿ ಕೊಟ್ಟೀನಿ. ಅವ್ವಗ ಹೇಳಬ್ಯಾಡ್ರಿ ಮತ್ತ."

ಅತ್ತೆ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. "ಬಟಾಟಿ ಸುಲದ ತಿನಸಂತ ಹೇಳು," ಅಂದರು, ನಗದೆ.

ಇನ್ನು ಮಾವ. ಕಾಳುಕಡಿಯ ವ್ಯಾಪಾರ ಅವರದು. ಕೈಯಲ್ಲಿ ಕಡಲೆ ಹಿಡಿದು ನೋಡದೆ ಒಂದು ದಿನವೂ ಕಳೆಯದ ಮನುಷ್ಯ. ಮಾರ್ಕೆಟ್ ಮುಚ್ಚಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಪಡಸಾಲೆಯಲ್ಲಿ ಆ ಕಂಬದಿಂದ ಈ ಕಂಬಕ್ಕೆ ಅಡ್ಡಾಡುತ್ತಿದ್ದರು. ಕೊನೆಗೆ ಮುಂಬಾಗಿಲು ಅವರ ಪಾಲಿಗೆ ಬಂತು. ಹೊರಗಿನಿಂದ ಏನೇ ಬಂದರೂ ಅವರ ಕೈ ದಾಟಿಯೇ ಒಳಗೆ ಬರಬೇಕು. ಬಾಗಿಲ ಬದಿಗೆ ಒಂದು ಒಲೆ, ಅದರ ಮೇಲೆ ಉಪ್ಪು ಮತ್ತು ಅರಿಷಿಣ ಹಾಕಿದ ಬಿಸಿನೀರಿನ ಬೋಗುಣಿ. ಅದರಲ್ಲಿ ಉಳ್ಳಾಗಡ್ಡಿ ಮುಳುಗಿತು, ಕೊತ್ತಂಬರಿ ಮುಳುಗಿ ಬೆಂದೇಹೋಯಿತು, ಹಾಲಿನ ಪಾಕೀಟು ಮುಳುಗಿತು, ಗುಳಿಗೆಯ ಚೀಟಿಗಳು ಮುಳುಗಿದವು. ದಿನಪತ್ರಿಕೆಗೆ ಮಾತ್ರ ಇಸ್ತ್ರಿ. ನಮ್ಮ ಮನೆಯ ವಸ್ತುಗಳಿಗೆಲ್ಲ ಒಂದು ತೆಳು ಹಳದಿ ಬಣ್ಣ ಬಂದಿತ್ತು. ಮಾವ ಆ ಕೆಲಸವನ್ನು ಎಷ್ಟು ಚೊಕ್ಕವಾಗಿ ಮಾಡುತ್ತಿದ್ದರೆಂದರೆ, ಅವರ ಮುಖದಲ್ಲಿ ಮತ್ತೆ ಕಳೆ ಬಂತು. ನಾವು ಯಾರೂ ಅವರನ್ನು ತಡೆಯಲಿಲ್ಲ.

ಇಷ್ಟಾದರೂ ಬೇನೆ ಬಂತು. ಯಾವ ದಾರಿಯಿಂದ ಬಂತು ಎಂದು ಈಗಲೂ ಗೊತ್ತಿಲ್ಲ. ಅತ್ತೆಗೆ ಮೊದಲು ಜ್ವರ, ಆಮೇಲೆ ಕೆಮ್ಮು, ಆಮೇಲೆ ಪರೀಕ್ಷೆ. ಓಣಿಯ ಬಾಯಿಗೆ ಗಳ ಕಟ್ಟಿ ತಗಡು ಹೊಡೆದರು. ನಮಗೆ ಹಾಲು ಹಾಕುತ್ತಿದ್ದವಳ ಮನೆಗೂ ಬೇನೆ ಬಿದ್ದು ಅವಳು ಬರುವುದು ಮೊದಲೇ ನಿಂತಿತ್ತು. ಬೆಳಿಗ್ಗೆ ಒಬ್ಬ ಮನುಷ್ಯ ಹಾಲಿನ ಪಾಕೀಟು, ಕಾಯಿಪಲ್ಲೆ ತಂದು ತಗಡಿನ ಆಚೆ ಇಟ್ಟು ಕೂಗಿ ಹೋಗುತ್ತಿದ್ದ.

ಜ್ವರ ಇಳಿಯಿತು. ಆದರೆ ಅತ್ತೆ ಉಣ್ಣುವುದು ನಿಂತಿತು. ವಾಸನೆ ಇಲ್ಲ, ರುಚಿ ಇಲ್ಲ, ಮೇಲೆ ಬಾಯಿತುಂಬ ಹುಣ್ಣು. ಅಷ್ಟು ದಿನದ ಮೆಣಸು, ಶುಂಠಿ, ಲವಂಗ ಎಲ್ಲ ಕೂಡಿ ನಾಲಗೆಯನ್ನು ಸುಟ್ಟಿದ್ದವು. ರೊಟ್ಟಿ ಆಗಲಿಲ್ಲ. ಸಾರು ನಾಲಗೆಗೆ ತಾಗಿದರೆ ಕಣ್ಣಲ್ಲಿ ನೀರು. ಗಂಜಿ ಮಾಡಿದೆ, ರವೆ ಬೇಯಿಸಿದೆ, ಬೇಳೆಯ ಕಟ್ಟು ಸೋಸಿ ಕೊಟ್ಟೆ. ಒಂದು ಗುಟುಕು ಒಳಗೆ, ಇನ್ನೊಂದು ಹೊರಗೆ. ಗುಳಿಗೆ ಮಾತ್ರ ನುಂಗುತ್ತಿದ್ದರು, ಖಾಲಿ ಹೊಟ್ಟೆಗೆ. ಅವರ ಕೈ ದಿನದಿಂದ ದಿನಕ್ಕೆ ಹಗುರಾಗುತ್ತಿರುವುದು ಹಿಡಿದಾಗ ತಿಳಿಯುತ್ತಿತ್ತು.

ಗಂಡ ಡಾಕ್ಟರಿಗೆ ಫೋನು ಮಾಡಿದರು. ಡಾಕ್ಟರು ಬಹಳ ದಣಿದಿದ್ದರು, ದನಿಯಲ್ಲೇ ಗೊತ್ತಾಗುತ್ತಿತ್ತು. "ಏನ್ ಬೇಡ್ತಾರೋ ಅದನ್ನ ಕೊಡ್ರಿ. ಹೊಟ್ಟಿಗೆ ಹೋಗಲಿಲ್ಲಂದ್ರ ಗುಳಿಗಿ ತಗೊಂಡ ಏನ್ ಮಾಡ್ತಾರ? ಮೊದಲ ಉಣಸ್ರಿ," ಅಂದರು.

ನಾನು ಮುಖಕ್ಕೆ ಅರಿವೆ ಕಟ್ಟಿಕೊಂಡು ಕೋಣೆಗೆ ಹೋಗಿ ಕೇಳಿದೆ. "ಅತ್ತಿ, ಏನ್ ಬೇಕನಸತೈತ್ರಿ? ಏನರ ಹೇಳ್ರಿ. ಮಾಡ್ತೀನಿ."

ಅವರು ನನ್ನ ಕಡೆ ನೋಡಿದರು. ಆಮೇಲೆ ಮಗ್ಗಲು ಹೊರಳಿ, ಮುಖ ಗೋಡೆಯ ಕಡೆ ಮಾಡಿ ಹೇಳಿದರು. "ಒಂದೀಟ ನುಚ್ಚಿಗೆ ಮಜ್ಜಿಗಿ ಕಲಸಿ ಕೊಡು."

ಅವರು ಮುಖ ತಿರುಗಿಸಿದ್ದನ್ನು ನಾನು ಮರೆತಿಲ್ಲ. ನಾಚಿಕೆಯಿಂದಲೋ, ಸುಮ್ಮನೆ ಆ ಮಗ್ಗಲು ನೋಯುತ್ತಿತ್ತೋ. ನಾಚಿಕೆ ಎಂದು ಬರೆದರೆ ಚೆನ್ನಾಗಿ ಕೂರುತ್ತದೆ, ಅದಕ್ಕೇ ಅದರ ಮೇಲೆ ನನಗೆ ನಂಬಿಕೆಯಿಲ್ಲ.

ಹೊರಗೆ ಬಂದು ಹೇಳಿದೆ. ಗಂಡ ತಲೆ ಹಿಡಿದುಕೊಂಡು ಕೂತರು. "ಎದಿಗೆ ತಂಡಿ ಹೋದ್ರ?"

"ಡಾಕ್ಟರ್ ಬೇಡಿದ್ದ ಕೊಡ್ರಿ ಅಂದಾರ."

"ಡಾಕ್ಟರ್‌ಗೆ ಮಜ್ಜಿಗಿ ಅಂತ ಗೊತ್ತಿಲ್ಲಲ್ಲ."

ಡಾಕ್ಟರಿಗೆ ಮತ್ತೆ ಫೋನು ಮಾಡಿದರೆ ಹತ್ತಲಿಲ್ಲ. ನಾದಿನಿಗೆ ಹತ್ತಿತು. ಅವಳು ಕೇಳಿದ ಕೂಡಲೇ ಅಳಲು ಶುರುಮಾಡಿದಳು. "ವೈನಿ, ನಿಮ್ಮ ಕಾಲಿಗೆ ಬೀಳ್ತೀನಿ. ಮಜ್ಜಿಗಿ ಕೊಟ್ಟು ನನ್ನ ತವರಮನಿ ಬಾಗಲಾ ಮುಚ್ಚಬ್ಯಾಡ್ರಿ. ಇಲ್ಲಿ ನಮ್ಮ ಓಣ್ಯಾಗ ಒಬ್ರು ಐಸಕ್ರೀಮ ತಿಂದು ಮೂರ ದಿವಸದಾಗ ಹೋದ್ರು."

"ಅವ್ರು ಏನರ ತಿನಬೇಕಲ್ಲವಾ. ಏನೂ ತಿನ್ನವಲ್ರು."

"ತಿನಸ್ರಿ. ನೀವು ಸರಿಯಾಗಿ ತಿನಸಿದ್ರ ಯಾಕ ತಿನ್ನಂಗಿಲ್ಲ?"

ನಾನು ಫೋನು ಇಟ್ಟೆ. ಮಾವ ಬಾಗಿಲಲ್ಲಿ ಬೋಗುಣಿಯ ಮುಂದೆ ಕೂತು ಇದನ್ನೆಲ್ಲ ಕೇಳುತ್ತಿದ್ದರು. "ಆಕಿ ಏನ್ ಬೇಡ್ಯಾಳ ಅದನ್ನ ಕೊಡ್ರಿ. ಆಕಿನ ಬಂದ್ ಮಾಡಿದ್ಲು, ಆಕಿನ ಕೇಳಾಕತ್ಯಾಳ. ಇದರಾಗ ನಿಮ್ಮದೇನು?" ಅಂದರು. ಅಲ್ಲಿಗೆ ತೀರ್ಮಾನವಾಯಿತು.

ಆಗ ಹೆಪ್ಪು ಬೇಕಾಯಿತು.

ಮಾಳಿಗೆ ಹತ್ತಿ ಕಾಕಿಯನ್ನು ಕರೆದೆ. ಅವಳು ದೂರದಲ್ಲೇ ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು ಕೇಳಿದಳು.

"ಹೆಪ್ಪಾ? ನಮ್ಮನ್ಯಾಗ ಎಲ್ಲಿ ಬಂತವಾ ಹೆಪ್ಪು? ನಿಮ್ಮತ್ತೀನ ಬಿಡಿಸ್ಯಾಳ."

"ಬ್ಯಾರೆ ಯಾರ ಮನ್ಯಾಗರ ಇರತೈತೇನ ಕೇಳ್ರಿ ಕಾಕಿ."

ಅವಳು ಆಚೆ ಮಾಳಿಗೆಗೆ ಕೂಗಿದಳು, ಅವರು ಅದರಾಚೆಗೆ. ಕೇಳಿದ ಪ್ರಶ್ನೆ ಮಾಳಿಗೆಯಿಂದ ಮಾಳಿಗೆಗೆ ಹೋಗುವುದನ್ನು ನಾನು ನಿಂತು ಕೇಳಿದೆ, ಹೆಪ್ಪ ಐತೇನ, ಹೆಪ್ಪ ಐತೇನ. ಉತ್ತರವೂ ಹಾಗೆಯೇ ಒಂದೊಂದೇ ಮನೆ ದಾಟಿ ತಿರುಗಿ ಬಂತು. ಯಾರ ಮನೆಯಲ್ಲೂ ಇರಲಿಲ್ಲ. ಅತ್ತೆಯ ಮಾತನ್ನು ಎಲ್ಲರೂ ಅಷ್ಟು ನಿಷ್ಠೆಯಿಂದ ಪಾಲಿಸಿದ್ದರು.

ಓಣಿಯ ಆಚೆ ಎಮ್ಮೆ ಕಟ್ಟಿದ ಮನೆಯೊಂದಿತ್ತು. ಅಲ್ಲಿ ಮೊಸರು ಇರಲೇಬೇಕು. ಹಾಲು ತರುವ ಮನುಷ್ಯನ ಕೈಯಲ್ಲಿ ಹೇಳಿ ಕಳಿಸಿದೆವು. ಅವನು ಮರುದಿನ ತಗಡಿನ ಆಚೆ ನಿಂತು ಹೇಳಿದ: "ಬ್ಯಾನಿ ಬಿದ್ದ ಮನಿಗೆ ಹೆಪ್ಪ ಕೊಟ್ರ ಹೈನ ಹೋಗತೈತಂತ್ರಿ. ಸಿಟ್ಟಾಗಬ್ಯಾಡ್ರಿ ಅಂತ ಹೇಳ್ಯಾರ." ನಾನು ಸಿಟ್ಟಾಗಲಿಲ್ಲ. ದೀಪ ಹಚ್ಚಿದ ಮೇಲೆ ನಮ್ಮ ಮನೆಯಿಂದಲೂ ಹೆಪ್ಪು ಹೊರಗೆ ಹೋದದ್ದನ್ನು ನಾನು ಕಂಡಿಲ್ಲ. ಅವನೇ ಪಾಪ ಎಲ್ಲಿಂದಲೋ ಒಂದು ಮೊಸರಿನ ಪಾಕೀಟು ಹುಡುಕಿ ತಂದ. ಗಾಡಿಯ ಮೇಲೆ ಬಿಸಿಲಲ್ಲಿ ಕೂತು ಕೂತು ಅದು ಚೆಂಡಿನ ಹಾಗೆ ಉಬ್ಬಿತ್ತು. ಮಾವನ ಬಿಸಿನೀರಿಗೆ ಬಿದ್ದ ಕೂಡಲೇ ಒಡೆಯಿತು.

ಮೆಣಸಿನಕಾಯಿಯ ತೊಟ್ಟು ಹಾಕಿದರೆ ಹಾಲು ಹೆಪ್ಪಾಗುತ್ತದೆ ಎಂದು ಕೇಳಿದ್ದೆ. ಹಾಕಿ ನೋಡಿದೆ. ಮರುದಿನ ಒಂದು ಥರದ ಮೊಸರು ಆಗಿತ್ತು, ನೀರುನೀರು, ಎಳೆ ಎಳೆ. ಖುಷಿಯಿಂದ ಕಡೆದು, ನುಚ್ಚಿಗೆ ಕಲಸಿ ಒಯ್ದೆ. ಅತ್ತೆ ಬಾಯಿಗೆ ಹಾಕಿಕೊಂಡವರು ಹಾಗೇ ಉಗುಳಿದರು. ತೊಟ್ಟಿನ ಖಾರ ಅದರಲ್ಲಿ ಇಳಿದಿತ್ತು. ಹುಣ್ಣಿನ ನಾಲಗೆಗೆ ಅಷ್ಟೇ ಸಾಕಾಯಿತು. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಚಿಕ್ಕನರಗುಂದದಲ್ಲಿ ನನ್ನ ತವರು. ಅವ್ವನಿಗೆ ಫೋನು ಮಾಡಿ ಅತ್ತುಬಿಟ್ಟೆ. ಅವಳು ಅಳಲು ಬಿಡಲಿಲ್ಲ.

"ಅದಕ್ಯಾಕ ಅಳ್ತೀಯೇ? ಅರಿವ್ಯಾಗ ಹಾಕಿ ಕಳಸ್ತೀನಿ."

"ಅರಿವ್ಯಾಗ?"

"ಒಗದ ಬಿಳೀ ಅರಿವಿ ಗಟ್ಟಿ ಮೊಸರಾಗ ಅದ್ದೂದು, ನೆರಳಾಗ ಒಣಗಸೂದು. ಮತ್ತ ಅದ್ದೂದು, ಮತ್ತ ಒಣಗಸೂದು. ನಮ್ಮವ್ವ ಹೊಸ ಊರಿಗೆ ಹೋಗಬೇಕಾದ್ರ ಹಂಗ ಒಯ್ತಿದ್ಲು. ಉಗುರುಬೆಚ್ಚಗಿನ ಹಾಲಾಗ ಅದನ್ನ ಹಾಕಿ ಮುಚ್ಚಿಡು. ಬೆಳಕ ಹರಿಯೂದ್ರಾಗ ಮಸರು. ನಿಮ್ಮೂರಿಗೆ ಉಳ್ಳಾಗಡ್ಡಿ ಟೆಂಪೋ ಬರತೈತಿ, ಅದಕ್ಕ ಪಾಸ್ ಐತಿ, ಕೊಟ್ಟ ಕಳಸ್ತೀನಿ."

ನಾನು ಅತ್ತೆಯ ಕೋಣೆಗೆ ಓಡಿಹೋಗಿ ಹೇಳಿದೆ. ಅವರ ಕಣ್ಣು ತೆರೆದವು. "ನಿಮ್ಮವ್ವ ಶಾಣ್ಯಾಕಿ," ಅಂದರು. ಇಷ್ಟು ವರ್ಷದಲ್ಲಿ ಅತ್ತೆ ನನ್ನ ಅವ್ವನನ್ನು ಹೊಗಳಿದ್ದು ಅದೊಂದೇ ಸಲ. ಅವತ್ತು ಅವರು ಬೇಳೆಯ ಕಟ್ಟನ್ನು ಅರ್ಧ ಬಟ್ಟಲು ಕುಡಿದರು. ನಾಳೆ ಮಜ್ಜಿಗೆ ಬರುತ್ತದೆ ಎಂಬ ಧೈರ್ಯಕ್ಕೆ ಕುಡಿದಿರಬೇಕು.

ಟೆಂಪೋ ಒಂದು ದಿನ ತಡವಾಗಿ ಬಂತು. ಅದು ಬಂದ ಹೊತ್ತಿಗೆ ನಾನು ಕೋಣೆಯೊಳಗೆ ಅತ್ತೆಯ ಬೆನ್ನು ತಿಕ್ಕುತ್ತಿದ್ದೆ, ಗಂಡ ಡಾಕ್ಟರಿಗೆ ಫೋನು ಹಚ್ಚುತ್ತಿದ್ದರು. ಬರುವ ವಸ್ತು ಏನೆಂದು ಮಾವನಿಗೆ ಹೇಳಿದ್ದೆವು ಎಂದು ಗಂಡ ಅನ್ನುತ್ತಾರೆ. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಅವರಿಗೂ ನೆನಪಿಲ್ಲ. "ಅವ್ವ ಹೆಪ್ಪು ಕಳಸ್ಯಾಳ" ಎಂದೇನೋ ಮನೆಯಲ್ಲಿ ಮಾತು ಓಡಾಡಿತ್ತು. ಆದರೆ ಹೆಪ್ಪು ಎಂದರೆ ಮಾವನ ಕಣ್ಣಿಗೆ ಬಟ್ಟಲು, ಬಟ್ಟಲಲ್ಲಿ ಬೆಳ್ಳಗೆ ಮೊಸರು. ಅಡುಗೆಮನೆಯ ಹೊಸ್ತಿಲು ದಾಟದ ಮನುಷ್ಯನಿಗೆ ಅರಿವೆಯ ಚೂರು ಹೇಗೆ ಹೆಪ್ಪಾಗಬೇಕು?

ಕೈ ತೊಳೆದುಕೊಂಡು ಹೊರಗೆ ಬಂದೆ. ಅಂಗಳದ ತಂತಿಯ ಮೇಲೆ ಒಂದು ಚೌಕದ ಅರಿವೆ ಗಾಳಿಗೆ ಅಲ್ಲಾಡುತ್ತಿತ್ತು. ನಾಲ್ಕೂ ಮೂಲೆ ಎಳೆದು, ನೆರಿಗೆಯಿಲ್ಲದಂತೆ ಹರವಿ, ಎರಡು ಚಿಮಟಿಗೆ ಹಾಕಿದ್ದರು.

"ಯವ್ವಾ, ನಿಮ್ಮವ್ವ ಕಳಸಿದ ಅರಿವಿ ಭಾಳ ಹೊಲಸಿತ್ತ ನೋಡು," ಅಂದರು ಮಾವ. "ಗಟ್ಟಿ ಹಪ್ಪಳದಂಗ ಆಗಿತ್ತು. ಮುಗ್ಗಲ ವಾಸನಿ. ಎರಡ ನೀರಾಗ ಕುದಿಸಿ ತಗದೀನಿ. ಈಗ ಹೂವಿನಂಗ ಆಗೇತಿ."

ನಾನು ಅರಿವೆಯನ್ನೇ ನೋಡುತ್ತ ನಿಂತೆ.

"ಒಂದೀಟ ಅರಿಷಿಣ ಬಣ್ಣ ಹತ್ತೇತಿ. ಇರಲಿ, ಅದೂ ಔಷಧಾನ. ಮಾರಿಗೆ ಕಟ್ಟಕೊಳ್ಳಾಕ ಕಳಸಿರಬೇಕು ಪಾಪ."

ಗಂಡ ಬಾಗಿಲಿಗೆ ಬಂದರು. ತಂತಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಅವರ ಬಾಯಿ ತೆರೆದದ್ದನ್ನು ಕಂಡು ನಾನು ತಲೆ ಅಲ್ಲಾಡಿಸಿದೆ.

"ಚಲೋ ಆತ್ರಿ ಮಾವಾರ," ಅಂದೆ.

ಮಾವನ ಕೈಗಳು ಬಿಸಿನೀರಿಗೆ ಕೆಂಪಾಗಿದ್ದವು.

ಆ ಅರಿವೆಯನ್ನೇ ತಂದು ಬೆಚ್ಚಗಿನ ಹಾಲಿನಲ್ಲಿ ಹಾಕಿದೆ. ಯಾವುದೋ ಎಳೆಯ ಒಳಗೆ, ನೀರು ತಾಕದ ಕಡೆ, ಒಂಚೂರು ಉಳಿದಿದ್ದರೆ? ಹಾಗೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಪಾತ್ರೆಯ ಸುತ್ತ ದಪ್ಪ ಅರಿವೆ ಸುತ್ತಿದೆ, ಜೋಳದ ಚೀಲದ ಮಗ್ಗುಲಿಗೆ ಇಟ್ಟೆ, ಅಲ್ಲಾಡಿಸಬೇಡಿ ಎಂದು ಎಲ್ಲರಿಗೂ ಹೇಳಿದೆ. ಬೆಳಿಗ್ಗೆ ತೆಗೆದು ನೋಡಿದರೆ ಹಾಲು ಹಾಲಾಗಿಯೇ ಇತ್ತು, ಸ್ವಲ್ಪ ಹಳದಿಯಾಗಿ. ಹೊತ್ತೇರಿದ ಹಾಗೆ ಬಿಸಿಲಿಗೆ ಅದು ಒಡೆದು ನೀರೇ ಬೇರೆ, ಗಂಟೇ ಬೇರೆ ಆಯಿತು.

"ಹೆಪ್ಪ ಕುಂತಿತೇನ?" ಎಂದು ಅತ್ತೆ ಕೋಣೆಯಿಂದ ಕೇಳಿದರು.

"ಇನ್ನೂ ಮೆತ್ತಗೈತ್ರಿ ಅತ್ತಿ. ನಾಳಿಗೆ ಆಕ್ಕೈತಿ."

"ಅವಸರ ಮಾಡಬ್ಯಾಡ. ಹೊಸ ಹೆಪ್ಪು, ತಡಾ ಆಕ್ಕೈತಿ."

ಅವ್ವ ಇನ್ನೊಂದು ಅರಿವೆ ಅದ್ದಿ ಒಣಹಾಕಿದ್ದಳು. ಟೆಂಪೋ ಮತ್ತೆ ಬರುವ ಮೊದಲೇ, ಮರುದಿನ ಮಧ್ಯಾಹ್ನ, ಅತ್ತೆಗೆ ಉಸಿರು ಸಾಲದಾಯಿತು. ಬೆರಳಿಗೆ ಹಾಕುವ ಯಂತ್ರ ತೋರಿಸಿದ್ದನ್ನು ಗಂಡ ಫೋನಿನಲ್ಲಿ ಡಾಕ್ಟರಿಗೆ ಓದಿ ಹೇಳಿದರು. ಆಂಬುಲೆನ್ಸ್ ಬಂತು. ತಗಡು ಸರಿಸಿದರು. ಮಾಳಿಗೆಗಳ ಮೇಲೆ ಹೆಂಗಸರು ನಿಂತು ನೋಡಿದರು. ಗದಗಿನ ಒಂದು ದವಾಖಾನೆಯಲ್ಲಿ ಜಾಗ ಸಿಕ್ಕಿತು. ನಮ್ಮನ್ನು ಯಾರನ್ನೂ ಒಳಗೆ ಬಿಡುವ ಹಾಗಿರಲಿಲ್ಲ, ಮನೆಯ ಊಟವನ್ನೂ ಬಿಡುವ ಹಾಗಿರಲಿಲ್ಲ. ಅವರು ಏನು ಉಣ್ಣುತ್ತಾರೆ ಎಂಬುದು ಅಲ್ಲಿಗೆ ನಮ್ಮ ಕೈ ತಪ್ಪಿತು. ಹಾಗೆ ನೋಡಿದರೆ ಯಾವಾಗ ನಮ್ಮ ಕೈಯಲ್ಲಿತ್ತು?

ಅಲ್ಲಿಯ ನರ್ಸ್ ಬಾಯಿ ಒಳ್ಳೆಯವಳು. ದಿನಾ ಒಂದು ಸಲ ಫೋನು ಎತ್ತುತ್ತಿದ್ದಳು.

"ಊಟ ಮಾಡಿದ್ರೇನ್ರಿ ನಮ್ಮವ್ವ?"

"ಮಧ್ಯಾಹ್ನ ಮಸರನ್ನ ಕೊಟ್ಟೀವ್ರಿ, ಎಲ್ಲಾರಿಗೂ ಅದ. ಒಲ್ಲೆ ಅಂತಾರ."

ಗಂಡ ಫೋನಿನ ದನಿ ಜೋರು ಮಾಡಿ ಇಟ್ಟಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

"ಮಸರನ್ನ ಒಲ್ಲೆ ಅಂತಾರ?"

"ಹೌದ್ರಿ. ತಂಪ ಐತಿ, ಬ್ಯಾಡ ಅಂತಾರ. ನೀವರ ಹೇಳ್ರಿ."

ನರ್ಸ್ ಬಾಯಿ ಫೋನನ್ನು ಅತ್ತೆಯ ಕಿವಿಯ ಹತ್ತಿರ ಹಿಡಿದಳು. ಗಂಡ ಕೂಗಿ ಹೇಳಿದರು: "ಅವ್ವಾ, ಉಣ್ಣು. ಏನಾಗಂಗಿಲ್ಲ. ಉಣ್ಣವಾ." ಆ ಕಡೆ ಯಂತ್ರದ ಸದ್ದು, ಗಾಳಿಯ ಸದ್ದು. ಅದರ ನಡುವೆ ಅತ್ತೆ ಏನೋ ಅಂದರು. "ನೀವೆಲ್ಲಾ ಬಿಟ್ಟೀರಿಲ್ಲ?" ಅಂದರಂತೆ. ನನಗೆ ಕೇಳಿಸಿದ್ದು "ಬಿಟ್ಟೀರಿ" ಎಂಬಷ್ಟು ಮಾತ್ರ. ಮೊಸರು ಬಿಟ್ಟಿದ್ದೀರಲ್ಲ ಎಂದು ಕೇಳಿದರು ಎಂದು ಗಂಡ ಅರ್ಥ ಮಾಡಿಕೊಂಡರು, "ಹೂಂ ಅವ್ವಾ, ಬಿಟ್ಟೀವಿ" ಎಂದು ಉತ್ತರ ಕೊಟ್ಟರು. ಅವರು ಬೇರೇನನ್ನೋ ಕೇಳಿದ್ದರೆ? ನನ್ನನ್ನು ಇಲ್ಲಿ ಬಿಟ್ಟಿರಿ ಎಂದಿದ್ದರೆ? ಅದನ್ನು ನಾನು ಗಂಡನಿಗೆ ಹೇಳಿಲ್ಲ.

ಅತ್ತೆ ತಿರುಗಿ ಬರಲಿಲ್ಲ. ದೇಹವನ್ನೂ ಮನೆಗೆ ತರಲಿಲ್ಲ. ಗಂಡನೊಬ್ಬರನ್ನೇ ಕರೆಸಿದರು, ದೂರದಿಂದ ತೋರಿಸಿದರು.

ನಾದಿನಿ ಇಂದಿಗೂ ಹೇಳುತ್ತಾಳೆ, ನಾವು ಮಜ್ಜಿಗೆ ಕೊಟ್ಟದ್ದಕ್ಕೇ ಎದೆಗೆ ತಂಡಿ ಹೋಯಿತು ಎಂದು. ಕೊಡಲಿಲ್ಲ, ಕೊಡಲು ಆಗಲೇ ಇಲ್ಲ ಎಂದು ಎಷ್ಟು ಸಲ ಹೇಳಿದರೂ ಅವಳ ನೆನಪಿನಲ್ಲಿ ನಾನು ಬಟ್ಟಲು ಹಿಡಿದು ಕೋಣೆಗೆ ಹೋಗುತ್ತಲೇ ಇದ್ದೇನೆ. ಒಮ್ಮೊಮ್ಮೆ ಅವಳ ನೆನಪೇ ಖರೇ ಆಗಿರಬಾರದಿತ್ತೇ ಅನ್ನಿಸುತ್ತದೆ. ಆ ತಪ್ಪು ನನ್ನದಾಗಿದ್ದರೂ ಅತ್ತೆಯ ಹೊಟ್ಟೆಗೆ ಒಂದು ಬಟ್ಟಲು ಹೋಗಿರುತ್ತಿತ್ತು. ಮಾವ, ಬಂದವರ ಮುಂದೆ, ಬಾಗಿಲಲ್ಲಿ ತಾವು ಕೂತು ಹೇಗೆ ಪ್ರತಿಯೊಂದನ್ನೂ ಕುದಿಸಿ ಒಳಗೆ ಬಿಡುತ್ತಿದ್ದರು ಎಂದು ಹೇಳುತ್ತಾರೆ. "ಆ ಒಂದ ಬ್ಯಾನಿ ಹ್ಯಾಂಗ ಬಂತೋ ಏನೋ, ಅದೊಂದ ಬಿಟ್ರ ಬ್ಯಾರೆ ಏನೂ ಒಳಗ ಬಿಟ್ಟಿಲ್ಲ ನಾ," ಅನ್ನುತ್ತಾರೆ. ನಾನು ಚಹಾ ತರಲು ಒಳಗೆ ಹೋಗುತ್ತೇನೆ.

ಅತ್ತೆ ಹೋದ ದಿನದ ಮಧ್ಯಾಹ್ನ ಒಂದಿದೆ. ಅದನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿದಿಲ್ಲ.

ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದು. ಓಣಿಯವರು ಬುತ್ತಿ ತರುತ್ತಾರೆ. ಏನು ತರಲಿ ಎಂದು ಯಾರೂ ಕೇಳುವುದಿಲ್ಲ. ಕೇಳುವುದೇ ತಪ್ಪು. ತರುತ್ತಾರೆ, ಬಡಿಸುತ್ತಾರೆ, ಬಾಯಿಗೆ ತುತ್ತು ಇಟ್ಟು ಉಣ್ಣಿಸುತ್ತಾರೆ, ಪಾತ್ರೆ ಒಯ್ಯುತ್ತಾರೆ. ಆದರೆ ಓಣಿ ಸೀಲ್ ಆಗಿತ್ತು, ನಮ್ಮ ಮನೆಯ ಬಾಗಿಲಿಗೆ ಯಾರೂ ಬರುವ ಹಾಗಿರಲಿಲ್ಲ. ಗಂಡ ಇನ್ನೂ ಗದಗಿನಿಂದ ಬಂದಿರಲಿಲ್ಲ. ಮಾವ ಸಕ್ಕರೆ ಕಾಯಿಲೆಯವರು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನಾನು ಅಂಗಳದಲ್ಲಿ ನಿಂತಿದ್ದೆ.

ಮೇಲಿನಿಂದ ಕಾಕಿಯ ದನಿ ಬಂತು. "ಏ ತಂಗಿ."

ಅತ್ತು ಅತ್ತು ಅವಳ ದನಿ ಕೂತಿತ್ತು. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಖಾಲಿ ಬುಟ್ಟಿ.

"ಮ್ಯಾಲಿಂದ ಇಳಿಬಿಡ್ತೀನಿ, ನೀ ಬಿಚ್ಚಿಕೊ. ಏನ್ ಕಳಸ್ಲಿ?"

ನಾನು ಗೋಡೆಯ ಹತ್ತಿರ ಹೋದೆ.

"ರೊಟ್ಟಿ ಮಾಡೀನಿ. ಝುಣಕ ಮಾಡಿದ್ರ ಖಾರ ಆಕ್ಕೈತೇನ? ಅನ್ನಾ ಮಾಡ್ಲಿ? ಬರೇ ಬ್ಯಾಳಿ ಕುದಿಸಿ ಕೊಡ್ಲಿ? ಯಾವದ ತಿಂದ್ರ ಏನಾಕ್ಕೈತೋ ನನಗ ಒಂದೂ ತಿಳೀವಲ್ದು. ಅಕ್ಕ ಇದ್ರ ಕೇಳ್ತಿದ್ದೆ."

ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಅವಳ ಮುಖ ಕಾಣುತ್ತಿರಲಿಲ್ಲ. ಒಳಗಿನಿಂದ ಮಾವ, "ಯಾರವಾ ಅದು?" ಎಂದು ಕೇಳಿದರು.

"ಹೇಳ ತಂಗಿ. ಏನ್ ಉಣ್ತೀರಿ?"

ಬುಟ್ಟಿ ಗೋಡೆಗೆ ತಾಕುತ್ತ, ಖಾಲಿಯಾಗಿಯೇ ಸ್ವಲ್ಪ ಕೆಳಗೆ ಇಳಿಯಿತು, ನಿಂತಿತು. ನಾನು ಅದನ್ನೇ ನೋಡಿದೆ. ಅದನ್ನು ನಾನು ಕೇಳಬೇಕಾಗಿದ್ದದ್ದೂ ಅತ್ತೆಯನ್ನೇ.